ಘಾಟು ಬಾರದ ಮೆಣಸಿನಕಾಯಿ

ನಮ್ಮ ಮನೆಯ ಗೋಡೆ ಮಾಡಿಗೆ ಮುಟ್ಟುವುದಿಲ್ಲ. ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಕೆಲಸಗಾರರಿಗೆಂದು ಕಟ್ಟಿದ ಹನ್ನೆರಡು ಮನೆಗಳ ಚಾಳು ನಮ್ಮದು. ಉದ್ದಕ್ಕೆ ಒಂದೇ ಹಂಚಿನ ಮಾಡು, ಅದರ ಕೆಳಗೆ ಎರಡೆರಡು ಖೋಲಿಯ ಮನೆಗಳು, ನಡುನಡುವೆ ಒಂದೊಂದು ಗೋಡೆ. ಕಟ್ಟಿದವರಿಗೆ ಇಟ್ಟಂಗಿ ಸಾಲಲಿಲ್ಲವೋ, ಒಲೆಯ ಹೊಗೆ ಹೋಗಲೆಂದು ಬೇಕೆಂದೇ ಬಿಟ್ಟರೋ ನನಗೆ ಗೊತ್ತಿಲ್ಲ. ಗೋಡೆ ಆಳೆತ್ತರಕ್ಕಿಂತ ಒಂದು ಮೊಳ ಮೇಲೇರಿ ಅಲ್ಲಿಗೇ ನಿಂತಿದೆ. ಅದರ ಮೇಲೆ ಖಾಲಿ. ಆ ಖಾಲಿಯಲ್ಲಿ ಹೊಗೆ ಬರುತ್ತಿತ್ತು, ಮಾತು ಬರುತ್ತಿತ್ತು, ಬೆಕ್ಕು ಬರುತ್ತಿತ್ತು, ಗಂಡ ಹೆಂಡತಿಗೆ ಬೈದದ್ದು ಬರುತ್ತಿತ್ತು. ಗುಟ್ಟು ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ನಮ್ಮ ಚಾಳಿನಲ್ಲಿ ಇತ್ತು. ನಾನು ಇಲ್ಲೇ ಬೆಳೆದೆ. ಮದುವೆಯಾಗಿ ನಾಲ್ಕು ವರ್ಷ ಹಳಿಯಾಳದಲ್ಲಿದ್ದು, ಗಂಡನಿಗೂ ಮಿಲ್ಲಿನಲ್ಲೇ ಕೆಲಸ ಸಿಕ್ಕ ಮೇಲೆ ತಿರುಗಿ ಇದೇ ಮನೆಗೆ ಬಂದೆ. ಗೋಡೆಯ ಆಚೆ ಬದಿಯ ತಾರಾ ನನ್ನ ಓರಗೆಯವಳು. ಅವಳಂತೂ ಬಿಟ್ಟೇ ಹೋಗಲಿಲ್ಲ. ಗಂಡನೇ ಮನೆಅಳಿಯನಾಗಿ ಬಂದ. ಹೀಗಾಗಿ ನಾವಿಬ್ಬರೂ ಒಂದೇ ಗೋಡೆಗೆ ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು ಬೆನ್ನು ಕೊಟ್ಟುಕೊಂಡು ಮುದುಕಿಯರಾದೆವು.

ಊರಿಗೆಲ್ಲ ಆಗ ಮಿಲ್ಲಿನಲ್ಲಿ ಬಿದಿರು ಬೇಯುವ ವಾಸನೆ. ಧಾರವಾಡದ ಕಡೆಯಿಂದ ಬಂದ ನೆಂಟರು ಬಸ್ಸಿಳಿಯುತ್ತಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ವಾಸನೆ ಅಂತಲೇ ಅನ್ನಿಸುತ್ತಿರಲಿಲ್ಲ. ನಮ್ಮ ಮೂಗಿಗೆ ಗೊತ್ತಿದ್ದದ್ದು ಗೋಡೆ ದಾಟಿ ಬರುವ ಒಗ್ಗರಣೆ. ನಮ್ಮ ಅವ್ವನದು ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ. ಎಣ್ಣೆ ಹೊಗೆಯಾಡುವ ತನಕ ಕಾಯಿಸಿ ಹಾಕುತ್ತಿದ್ದಳು, ಇಡೀ ಚಾಳು ಕೆಮ್ಮಬೇಕು. ಆಚೆ ಮನೆಯ ಇಂದ್ರಾಬಾಯಿ ತಾರಾನ ತಾಯಿ, ಖಾನಾಪುರದ ಕಡೆಯವಳು, ನಾವು ಮಕ್ಕಳು ಅವರ ಮಾತಿನಲ್ಲೇ ಮಾವಶಿ, ಚಿಕ್ಕವ್ವ, ಅನ್ನುತ್ತಿದ್ದೆವು. ಅವಳದು ಜೀರಿಗೆ, ಈರುಳ್ಳಿ, ಮೇಲೊಂದಿಷ್ಟು ಒಣಕೊಬ್ಬರಿ. ಅವ್ವನ ಒಗ್ಗರಣೆ ಚುರ್ ಅಂದ ಕೂಡಲೇ ಆಚೆಯಿಂದ ಒಂದು ಸೀನು, ಸೀನಿನ ಹಿಂದೆ ಮಾತು.

"ಏನ್ರಿ ಬಸವ್ವಾ, ಸಾರು ಮಾಡಾಕತ್ತೀರೋ ದೆವ್ವಾ ಬಿಡಸಾಕತ್ತೀರೋ?"

"ನಿಮ್ಮ ಸಪ್ಪನ್ ಸಾರಿಗೆ ದೆವ್ವಾನೂ ಬರಂಗಿಲ್ಲ ಬಿಡ್ರಿ!"

ಇದು ದಿನವೂ ನಡೆಯುತ್ತಿತ್ತು. ಇದನ್ನು ಜಗಳ ಎಂದು ಯಾರೂ ಎಣಿಸುತ್ತಿರಲಿಲ್ಲ. ಜಗಳ ಎಂದರೆ ನಳದ ಹತ್ತಿರ ಆಗುವುದು. ಹನ್ನೆರಡು ಮನೆಗೆ ಒಂದೇ ನಳ. ನೀರು ಬರುವ ಮೊದಲೇ ಹೆಂಗಸರು ತಮ್ಮ ತಮ್ಮ ಕೊಡ ಸಾಲಿಗಿಟ್ಟು ಒಳಗೆ ಹೋಗಿ ರೊಟ್ಟಿ ತಟ್ಟುತ್ತಿದ್ದರು. ಕೊಡ ಇದ್ದರೆ ಆಕೆಯೇ ನಿಂತ ಹಾಗೆ. ಒಂದು ದಿನ ಅವ್ವನ ಕೊಡ ಮೂರನೆಯದಾಗಿದ್ದದ್ದು ಐದನೆಯದಾಗಿತ್ತು. ಸರಿಸಿದ್ದು ಇಂದ್ರಾ ಮಾವಶಿಯೇ ಎಂದು ಅವ್ವ, ನಾಯಿ ಉರುಳಿಸಿತು, ತಾನು ಎತ್ತಿಟ್ಟೆ ಎಂದು ಮಾವಶಿ. ಅವ್ವ ಮಾತು ಬಿಟ್ಟಳು. ಗೋಡೆಯ ಮೇಲಿನ ಖಾಲಿಗೆ ಗೋಣಿಚೀಲ ಹೊಲಿದು ಕಟ್ಟುತ್ತೇನೆಂದೂ ಹೊರಟಳು. ಅಪ್ಪ ಬೇಡವೆಂದ; ಹೊಗೆಗೆ ಎಲ್ಲರೂ ಸಾಯುತ್ತೇವೆ ಎಂದ. ಮಾವಶಿಯ ಸೀನಂತೂ ಬರುತ್ತಿತ್ತು, ಅದರ ಹಿಂದಿನ ಮಾತು ಮಾತ್ರ ನಿಂತಿತು. ಆ ಮಾತಿಲ್ಲದ ಸೀನು ಕೇಳಿದಾಗಲೆಲ್ಲ ಅವ್ವ ಸೌಟನ್ನು ಜೋರಾಗಿ ಕುಕ್ಕುತ್ತಿದ್ದಳು.

ಅದೇ ಬೇಸಿಗೆಯಲ್ಲಿ ನನಗೆ ಅಮ್ಮ ಬಂದಳು. ಸಿಡುಬಿಗೆ ನಾವು ಹಾಗೇ ಅನ್ನುವುದು. ಮೊದಲು ಬೆನ್ನಿಗೆ ನಾಲ್ಕು ಗುಳ್ಳೆ ಎದ್ದವು. ಅವ್ವನಿಗೆ ನೋಡಿದ ಕೂಡಲೇ ತಿಳಿಯಿತು. ತಿಳಿದರೂ ಯಾರು ಕೇಳಿದರೂ "ಬೆವರಸಾಲಿ ಆಗ್ಯಾವ, ಬಿಸಲಿಂದು" ಅಂದಳು. ನನ್ನ ತಮ್ಮ ಬಸು ಆಗಿನ್ನೂ ಮೊಲೆ ಕುಡಿಯುವ ಕೂಸು. ಸುದ್ದಿ ಹೊರಬಿದ್ದರೆ ಅವನನ್ನು ತನ್ನಿಂದ ಬಿಡಿಸಿ ಬೇರೆ ಇಡುತ್ತಾರೆ ಎಂಬ ಹೆದರಿಕೆ ಅವಳಿಗೆ. ನನ್ನನ್ನು ಒಳಖೋಲಿಯಲ್ಲಿ ಮಲಗಿಸಿ, ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟದೆ ಚಾಪೆಯ ಕೆಳಗೆ ಅಡಗಿಸಿಟ್ಟಳು. ಆದರೆ ಒಂದನ್ನು ಅಡಗಿಸಲು ಆಗಲಿಲ್ಲ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು. ಎಣ್ಣೆ ಸಿಡಿದರೆ ಗುಳ್ಳೆ ಸಿಡಿಯುತ್ತವೆ ಎಂದು ನಂಬಿಕೆ. ಊರಿಗೆಲ್ಲ ಸುಳ್ಳು ಹೇಳಿದ ಅವ್ವನಿಗೆ ಅಮ್ಮನೆದುರು ಸುಳ್ಳಾಡುವ ಧೈರ್ಯ ಇರಲಿಲ್ಲ. ಸಾರಿಗೆ ಬರೇ ಉಪ್ಪು, ಬೇಳೆ. ಎರಡು ದಿನ ನಮ್ಮ ಮನೆಯಿಂದ ಘಾಟು ಹೋಗಲಿಲ್ಲ. ಮೂರನೇ ದಿನ ಇಂದ್ರಾ ಮಾವಶಿ ಯಾರಿಗೂ ಹೇಳದೆ ದವಾಖಾನೆಗೆ ನಡೆದು ಹೋಗಿ, ನರ್ಸಮ್ಮನನ್ನು ಕರೆದುಕೊಂಡೇ ಬಂದಳು.

ನರ್ಸಮ್ಮ ನನ್ನ ಬೆನ್ನು ನೋಡಿದಳು, ಬಸುವನ್ನು ಇವತ್ತೇ ಈ ಮನೆಯಿಂದ ಕಳಿಸಬೇಕೆಂದಳು. ಅಪ್ಪ ಅವನನ್ನು ಎತ್ತಿಕೊಂಡು ಮುಂಡಗೋಡದ ಕಡೆಯ ಇಂದೂರಿಗೆ, ಸೋದರತ್ತೆಯ ಮನೆಗೆ ಹೋದ. ಅತ್ತೆಗೂ ಎಳೆಗೂಸಿತ್ತು, ಹಾಲಿನ ಚಿಂತೆ ಇರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಎದೆ ಹಿಡಿದುಕೊಂಡು ಬೈದ ಬೈಗುಳ ನನಗೆ ಇವತ್ತಿಗೂ ಬಾಯಿಪಾಠ ಇದೆ, ಇಲ್ಲಿ ಬರೆಯುವ ಹಾಗಿಲ್ಲ. ಅವತ್ತಿನಿಂದ ಮಾವಶಿಯ ಮನೆಯ ಒಗ್ಗರಣೆಯೂ ನಿಂತಿತು. ಪಕ್ಕದ ಮನೆಯವರು ಬಿಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ನಾನು ಬೇವಿನ ಸೊಪ್ಪಿನ ಮೇಲೆ ಮಲಗಿ ಹಂಚು ಎಣಿಸುತ್ತಿದ್ದೆ. ಆಚೆಯಿಂದ ತಾರಾನ ಅಪ್ಪ ತಾಟು ತಳ್ಳಿದ್ದು ಕೇಳಿಸುತ್ತಿತ್ತು.

"ಎಷ್ಟ ದಿನಾ ಈ ದನದ ಮುಸುರಿ? ಅವರ ಮನ್ಯಾಗ ಅಮ್ಮ ಬಂದರ ನನ್ನ ನಾಲಿಗಿಗ್ಯಾಕ ಶಿಕ್ಷಾ?"

"ಉಣ್ಣೂದಿದ್ರ ಉಣ್ರಿ. ಗ್ವಾಡಿ ಗಿಡ್ಡ ಐತಿ. ಆ ಹುಡಗಿ ಮೈ ಮ್ಯಾಲ ಘಾಟ ಬೀಳತೈತಿ."

ಹನ್ನೊಂದು ದಿನ ಹೀಗೆ ನಡೆಯಿತು. ಅಮ್ಮ ಇಳಿದು ನನಗೆ ತಲೆಗೆ ನೀರು ಹಾಕಿದ ದಿನ ಅವ್ವ ಮೊದಲಿನಂತೆ ಎಣ್ಣೆ ಕಾಯಿಸಿ ಘಾಟು ಎಬ್ಬಿಸಿದಳು. ಸಾರಿನ ಬೋಗುಣಿ ಹಿಡಿದು ಒರಳುಕಲ್ಲಿನ ಮೇಲೆ ಹತ್ತಿ, ಏನೂ ಮಾತಾಡದೆ ಗೋಡೆಯ ಮೇಲಿಂದ ಚಾಚಿದಳು. ಆಚೆಯಿಂದ ಬಳೆ ತೊಟ್ಟ ಕೈಯೊಂದು ಬಂದು ಇಸಿದುಕೊಂಡಿತು. ಅಷ್ಟೇ. ಉಪಕಾರವಾಯಿತು ಅಂತ ಅವ್ವ ಸಾಯುವ ತನಕ ಬಾಯಿ ಬಿಟ್ಟು ಹೇಳಲಿಲ್ಲ. ಬಸುವಿಗೆ ಒಂದು ಗುಳ್ಳೆಯೂ ಏಳಲಿಲ್ಲ. ನನ್ನ ಮುಖದ ಮೇಲೆ ಏಳು ಕಲೆ ಉಳಿದವು, ಮದುವೆಯಲ್ಲಿ ಅರಿಶಿನ ಹಚ್ಚಿ ಮುಚ್ಚಿದರು. ನಾನು ಓದಿದ್ದು ನಾಲ್ಕನೇ ಇಯತ್ತೆ. ಅಲ್ಲಿ ಏನು ಕಲಿತೆನೋ ಮರೆತಿದೆ. ಆ ಹನ್ನೊಂದು ದಿನ ಮಲಗಿ ಮೂಗಿನಿಂದ ಕಲಿತದ್ದು ಮರೆತಿಲ್ಲ.

ಈಗ ಆ ಹನ್ನೆರಡು ಮನೆಯಲ್ಲಿ ಹೊಗೆಯಾಡುವ ಒಲೆ ಇಲ್ಲ, ಎಲ್ಲ ಕಡೆ ಗ್ಯಾಸು. ಕಾಳಿ ಹೊಳೆಯಲ್ಲಿ ರಬ್ಬರಿನ ದೋಣಿ ಬಿಡುವ ದಂಧೆ ಶುರುವಾದ ಮೇಲೆ ಚಾಳಿನ ಐದು ಮನೆಗಳಿಗೆ ಹೋಂಸ್ಟೇ ಎಂದು ಬೋರ್ಡು ಬಿದ್ದಿದೆ. ಶನಿವಾರ ಬಂತೆಂದರೆ ಚಡ್ಡಿ ಹಾಕಿದ ಮಂದಿ ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ಕುಳಗಿಯ ಕಾಡಿಗೆ ಹೋದರೆ ಹುಲಿ ಕಾಣುತ್ತದೆಯೇ ಎಂದು ನನ್ನನ್ನು ಕೇಳುತ್ತಿದ್ದರು. ನಾನೇನು ಹುಲಿಯ ಅಜ್ಜಿಯೇ? ತಾರಾನ ಮಗ ಮಾರುತಿಗೂ ದೋಣಿಯ ಕೆಲಸ. ಹೊರಖೋಲಿಗೆ ಟೈಲ್ಸು ಹಾಕಿಸಿ ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದ. ಗೋಡೆಯನ್ನು ಮಾಡಿನವರೆಗೆ ಎತ್ತಿಸುತ್ತೇನೆ, ಬಂದವರಿಗೆ ನಿಮ್ಮ ಒಗ್ಗರಣೆಗೆ ಉಸಿರು ಕಟ್ಟುತ್ತದೆ ಎಂದೂ ಹೇಳುತ್ತಿದ್ದ. ತಾರಾ ಬಿಡಲಿಲ್ಲ. ಅಷ್ಟರಲ್ಲಿ ಕರೋನಾ ಬಂತು. ಚಡ್ಡಿಯವರು ಬರುವುದು ನಿಂತಿತು, ಬಸ್ಸು ನಿಂತವು. ದೋಣಿಗಳು ನಮ್ಮ ಅಂಗಳದಲ್ಲಿ ಬೋರಲು ಬಿದ್ದವು. ಕಪ್ಪು ರಬ್ಬರು ಬಿಸಿಲಿಗೆ ಹಂಚಿನಂತೆ ಕಾಯುತ್ತಿತ್ತು. ಅದರ ಮೇಲೆ ಹಳೇ ಧೋತರ ಹಾಸಿ ನಾವು ಸಂಡಿಗೆ ಇಟ್ಟೆವು. ಒಂದೇ ದಿನಕ್ಕೆ ಒಣಗಿದವು. ಆ ದೋಣಿಗಳಿಂದ ನನಗೆ ಆದ ಲಾಭ ಅದೊಂದೇ.

ರೇಷನ್ ಅಂಗಡಿಯ ಮುಂದೆ ಸುಣ್ಣದಿಂದ ವರ್ತುಲ ಬರೆದಿದ್ದರು. ಒಂದೊಂದರಲ್ಲಿ ಒಬ್ಬೊಬ್ಬರು ದೂರದೂರ ನಿಲ್ಲಬೇಕೆಂದು ಹೇಳಿದ್ದರು. ನಮ್ಮ ಮಂದಿ ನಳದ ಹತ್ತಿರ ಕಲಿತ ಮಂದಿ. ಒಂದೊಂದು ವರ್ತುಲದಲ್ಲಿ ಒಂದು ಚೀಲ, ಒಂದು ಚಪ್ಪಲಿ, ಒಂದು ಕಲ್ಲು ಇಟ್ಟು ಎಲ್ಲರೂ ಬೇವಿನ ಮರದ ನೆರಳಲ್ಲಿ ಭುಜಕ್ಕೆ ಭುಜ ಹಚ್ಚಿ ಕೂತಿದ್ದೆವು. ಪೊಲೀಸ ಬಂದು ನೋಡಿದ.

"ಏನ ಅಜ್ಜಿ, ಚಪ್ಪಲಿಗೆ ಕರೋನಾ ಬರತೈತೇನು? ಅವನ್ನ್ಯಾಕ ದೂರ ನಿಂದ್ರಿಸೀರಿ?"

"ಮತ್ತ ಬಿಸಲಾಗ ನಿಂತ ನಾವ ಸತ್ರ ನಿನ್ನ ಕರೋನಾಕ್ಕ ಏನ ಉಳಿತೈತೋ ತಮ್ಮಾ?" ಅಂದಳು ತಾರಾ. ಪೊಲೀಸನೂ ನಕ್ಕ. ಆ ನಗುವಿಗೆ ಆಮೇಲೆ ಏನು ಬೆಲೆ ತೆತ್ತೆವೋ ಯಾರಿಗೆ ಗೊತ್ತು. ಆ ವಾರವೇ ಚಾಳಿನಲ್ಲಿ ಇಬ್ಬರು ಮಲಗಿದರು.

ತಾರಾ ಆ ದಿನಗಳಲ್ಲಿ ನೆಲದ ಮೇಲೆ ನಿಂತಿರಲಿಲ್ಲ. ಮಾರುತಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹೆಂಡತಿ ಹಡೆದಿದ್ದಳು, ಖಾನಾಪುರದ ತವರಿನಲ್ಲಿ. ಹೆಣ್ಣುಕೂಸು. ಮಾರುತಿಯೂ ಅಲ್ಲಿಯೇ ಇದ್ದ, ಇಲ್ಲಿ ಮನೆಯಲ್ಲಿ ತಾರಾ ಒಬ್ಬಳೇ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಅದಕ್ಕೆ ಅವನು ಪಾಸು ಮಾಡಿಸಿಕೊಂಡು ಶುಕ್ರವಾರ ಗಾಡಿ ತಂದು ತಾಯಿಯನ್ನು ಕರೆದೊಯ್ಯಬೇಕು. ತಾರಾ ತನ್ನ ಅವ್ವ ಇಂದ್ರಾ ಮಾವಶಿಯ ಹಳೇ ಸೀರೆ ಹರಿದು ಕೂಸಿಗೆಂದು ಕೌದಿ ಹೊಲಿಯುತ್ತಿದ್ದಳು. ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗುವ ಬರುವ ಎಲ್ಲರಿಗೂ ಅದನ್ನು ಎತ್ತಿ ತೋರಿಸುತ್ತಿದ್ದಳು. ನನಗೇ ಹತ್ತು ಸಲ ತೋರಿಸಿದಳು.

"ನನಗೇನ ತೋರಸ್ತಿ, ನಿನ್ನ ಹೊಲಿಗಿ ಟಾಕಿ ಸೊಟ್ಟ ಆಗ್ಯಾವ," ಅಂದೆ.

"ಸೊಟ್ಟ ನಿನ್ನ ಮಾರಿ!" ಅಂದಳು.

ಬುಧವಾರ ಮುಂಜಾನೆ ನಾನು ರೊಟ್ಟಿ ಮುಗಿಸಿ ಕೂತಿದ್ದೆ. ಸೊಸೆ ಮಂಜುಳಾ ಬೇಳೆ ಆರಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಗೋಡೆ ದಾಟಿ ಘಾಟು ಬಂತು. ಅಂಥಿಂಥ ಘಾಟಲ್ಲ. ಮಂಜುಳಾ ಮೊರ ಬಿಸಾಕಿ ಕೆಮ್ಮುತ್ತ ಹಿತ್ತಲಿಗೆ ಓಡಿದಳು. ನನ್ನ ಕಣ್ಣು ಮೂಗು ಎಲ್ಲ ಒಟ್ಟಿಗೆ ಸುರಿಯತೊಡಗಿದವು. ಸೆರಗು ಬಾಯಿಗೊತ್ತಿಕೊಂಡು ಕೂಗುವಷ್ಟರಲ್ಲಿ ಆಚೆಯಿಂದ ತಾರಾನ ದನಿ, ಹಬ್ಬದ ದನಿ.

"ಗೌರಾ, ಏ ಗೌರಾ! ದೃಷ್ಟಿ ತಕ್ಕೊಂಡೇನ ನೋಡ. ಎಲ್ಲಾರ ಕಣ್ಣೂ ನನ್ನ ಕೌದಿ ಮ್ಯಾಲ ಬಿದ್ದಿತ್ತು, ಮೈಯಾಗ ಕಸುವ ಇಲ್ಲದಂಗ ಆಗಿತ್ತು. ಉಪ್ಪು, ಐದ ಮೆಣಸಿನಕಾಯಿ ನಿವಾಳಿಸಿ ಕರಟ ಸುಟ್ಟ ಕೆಂಡಕ್ಕ ಹಾಕೇನಿ, ಚೂರೂ ಘಾಟ ಬರಲಿಲ್ಲ! ಎಷ್ಟ ದೃಷ್ಟಿ ಆಗಿತ್ತಂತೇನಿ!"

ನಮ್ಮಲ್ಲಿ ಲೆಕ್ಕ ಹಾಗೆಯೇ. ನಿವಾಳಿಸಿದ ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಇಲ್ಲ. ಬರದಿದ್ದರೆ ದೃಷ್ಟಿ ಆಗಿತ್ತು, ಬೆಂಕಿಯಲ್ಲಿ ಸುಟ್ಟು ಹೋಯಿತು.

"ಘಾಟ ಬರಲಿಲ್ಲಾ?" ಅಂದೆ, ಕೆಮ್ಮಿನ ನಡುವೆ. "ಇಲ್ಲಿ ನನ್ನ ಜೀವ ಹೋಗಾಕತ್ತೈತಿ!"

"ಹಂಗಾರ ದೃಷ್ಟಿ ಹಾಕಿದಾಕಿ ನೀನ!" ಅಂದು ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು. ಘಾಟಿನ ಕೆಮ್ಮಲ್ಲ, ಎದೆಯ ಕೆಳಗಿನಿಂದ ಬಂದ ಒಣ ಕೆಮ್ಮು.

ಆಗ ನನಗೆ ತಟ್ಟಿತು. ನಾಲ್ಕು ದಿನದಿಂದ ನನ್ನ ಒಗ್ಗರಣೆಗೆ ಆಚೆಯಿಂದ ಸೀನು ಬಂದಿರಲಿಲ್ಲ. ಬೈಗುಳ ಬಂದಿರಲಿಲ್ಲ. ಕೌದಿಯ ಅಮಲಿನಲ್ಲಿದ್ದಾಳೆ ಎಂದು ನಾನು ಸುಮ್ಮನಿದ್ದೆ. ಈ ರೋಗ ಮೊದಲು ಮೂಗು ಕಸಿಯುತ್ತದೆ ಎಂದು ಆಶಾ ಕಾರ್ಯಕರ್ತೆ ಮನೆಮನೆಗೂ ಹೇಳಿ ಹೋಗಿದ್ದಳು. ಒರಳುಕಲ್ಲು ಹತ್ತಿ ಗೋಡೆ ಹಿಡಿದು ನಿಂತೆ. ನನ್ನ ಮೊಣಕಾಲಿಗೆ ಅದು ಸಣ್ಣ ಕೆಲಸವಲ್ಲ.

"ತಾರಾ, ಜ್ವರಾ ಎಷ್ಟ ದಿನದಿಂದ ಐತಿ?"

"ಜ್ವರಾ ಎಲ್ಲೈತಿ? ಒಂಚೂರ ಮೈ ಬಿಸಿ. ಬಿಸಲಿಂದು."

ಬಿಸಲಿಂದು. ನಮ್ಮ ಅವ್ವ ಅಂದದ್ದೂ ಅದೇ.

"ಗೌರಾ," ಅಂದಳು, ದನಿ ಇಳಿಸಿ, "ಯಾರ ಮುಂದೂ ಅನಬ್ಯಾಡ. ನಾಡದ ಮಾರುತಿ ಬರತಾನ. ಕೂಸಿನ ಮಾರಿ ಒಂದ ಸಲ ನೋಡ್ತೇನಿ, ಕೌದಿ ಹೊಚ್ಚತೇನಿ. ಆಮ್ಯಾಲ ಆಸ್ಪತ್ರಿಗರ ಹಾಕ್ರಿ, ಮಣ್ಣಿಗರ ಹಾಕ್ರಿ."

ಒರಳಿನಿಂದ ಇಳಿದು ಒಂದು ತಾಸು ಕೂತೆ. ಒಂಬತ್ತು ವರ್ಷ ಅವಳು ಯಾವ ಯಾವ ದೇವರಿಗೆ ಹರಕೆ ಹೊತ್ತಳು ಎಂದು ನನಗೆ ಗೊತ್ತು. ಅರ್ಧಕ್ಕೆ ನಾನೇ ಜೊತೆಗೆ ಹೋಗಿದ್ದೆ. ಅವಳು ಹೋಗುವುದು ಹಸಿ ಬಾಣಂತಿ ಇರುವ ಮನೆಗೆ. ಹೋಗಿ ಕೂಸನ್ನು ದೂರದಿಂದ ನೋಡಿ ಬರುವ ಹೆಂಗಸಲ್ಲ ಅವಳು, ಮೂಸಿ ಮುದ್ದಾಡದೆ ಬಿಡಳು. ಮೂಸಿದರೆ ಕೂಸಿನ ವಾಸನೆಯೂ ಅವಳಿಗೆ ಹತ್ತುವುದಿಲ್ಲ. ಅದೊಂದು ನೆನೆದು ನನಗೆ ಬಹಳ ಸಂಕಟವಾಯಿತು. ಆದರೂ ಎದ್ದೆ. ಮಂಜುಳಾ ಬಾಗಿಲಲ್ಲಿ ಅಡ್ಡ ನಿಂತಳು.

"ಅತ್ತೀ, ಹೇಳಬ್ಯಾಡ್ರಿ. ಜನ್ಮಾ ಇರೂತನಕ ನಿಮ್ಮ ಮಾರಿ ನೋಡಂಗಿಲ್ಲ ಅವರು."

"ಜನ್ಮಾ ಇದ್ರ ಹೌದಲ್ಲ ನೋಡೂದು, ಬಿಡೂದು? ಆಕಡೆ ಸರಿ."

ಆಶಾ ಕಾರ್ಯಕರ್ತೆ ನಳದ ಹತ್ತಿರವೇ ಸಿಕ್ಕಳು. ಬಂದು ತಾರಾನ ಬೆರಳಿಗೆ ಚಿಮಟದಂಥ ಯಂತ್ರ ಹಚ್ಚಿ ನೋಡಿದಳು, ಮತ್ತೊಂದು ಬೆರಳಿಗೆ ಹಚ್ಚಿ ನೋಡಿದಳು, ಎದ್ದು ಹೊರಗೆ ಬಂದು ಫೋನು ಮಾಡಿದಳು. ಮಧ್ಯಾಹ್ನ ಬಿಳೀ ಅಂಗಿ ಮೈತುಂಬ ಹೊದ್ದವರು ಗಾಡಿ ತಂದರು. ಚಾಳಿನ ಹನ್ನೆರಡೂ ಬಾಗಿಲಲ್ಲಿ ಮಂದಿ. ತಾರಾ ತಾನೇ ನಡೆದು ಬಂದಳು, ಕೌದಿ ಕಂಕುಳಲ್ಲಿ. ಅದನ್ನು ತರುವಂತಿಲ್ಲ ಎಂದರು. ನನ್ನ ಕಟ್ಟೆಯ ಮುಂದೆ ನಿಂತು, ಅದನ್ನು ನನ್ನ ಕಾಲ ಬುಡಕ್ಕೆ ಒಗೆದಳು.

"ಹಿಡಕೊಟ್ಟೆಲ್ಲ! ನಿಮ್ಮವ್ವನ ಬಾಯಿ ನಿನಗ ಬಂದಿತ್ತು, ನಮ್ಮವ್ವನ ಚಾಡಿನೂ ನಿನಗ ಬಂತು!"

ಅವಳು ಅಂದದ್ದು ಸರಿಯೇ ಇತ್ತು. ಗಾಡಿ ಹೋದ ಮೇಲೆ ನೀರು ಕುದಿಸಿ, ಕೌದಿ ಅದ್ದಿ, ಕೋಲಿನಿಂದ ತಿರುವಿ ತೊಳೆದು, ಬೋರಲು ಬಿದ್ದ ದೋಣಿಯ ಮೇಲೆ ಹರವಿದೆ. ಇಂದ್ರಾ ಮಾವಶಿಯ ಹಸಿರು ಇಳಕಲ್ ಸೀರೆಯ ತುಂಡು ಬಿಸಿಲಿಗೆ ಹೊಳೆಯುತ್ತಿತ್ತು. ಟಾಕಿ ಸೊಟ್ಟ ಇರಲಿಲ್ಲ. ನಾನು ಸುಮ್ಮನೆ ಅಂದಿದ್ದೆ.

ಅವತ್ತು ಸಂಜೆ ಮಂಜುಳಾ ಸಾರಿಗೆ ಎಣ್ಣೆ ಕಾಯಲು ಇಟ್ಟಳು. ನಾನು ಗ್ಯಾಸು ಆರಿಸಿದೆ.

"ಒಗ್ಗರಣಿ ಬ್ಯಾಡ."

"ಯಾಕ್ರಿ ಅತ್ತಿ? ಇದೇನ ಅಮ್ಮ ಅಲ್ಲ, ಕರೋನಾರಿ. ಅವರಂತೂ ಮನ್ಯಾಗೂ ಇಲ್ಲ."

"ಬ್ಯಾಡಂದ್ರ ಬ್ಯಾಡ."

ಮಗ ತಾಟಿನ ಮುಂದೆ ಕೂತು ಮುಖ ಕಿವುಚಿದ. ಎಷ್ಟು ದಿನ ಈ ಸಪ್ಪೆ ಎಂದ. ಉಣ್ಣುವುದಿದ್ದರೆ ಉಣ್ಣು ಎಂದೆ. ಯಾಕೆಂದು ಬಿಡಿಸಿ ಹೇಳಲು ನನಗೇ ಬರುವುದಿಲ್ಲ. ಇಂದ್ರಾ ಮಾವಶಿಗಾದರೂ ಹೇಳಲು ಘಾಟಿನ ನೆವ ಇತ್ತು. ಶುಕ್ರವಾರ ಮಾರುತಿ ಗಾಡಿ ತರಲಿಲ್ಲ. ತೊಟ್ಟಿಲ ಶಾಸ್ತ್ರವನ್ನು ತಾರಾ ಆಸ್ಪತ್ರೆಯ ಹಾಸಿಗೆಯಲ್ಲಿ, ಮೂಗಿಗೆ ನಳಿಗೆ ಹಾಕಿಕೊಂಡು ನರ್ಸಿನ ಫೋನಿನಲ್ಲಿ ನೋಡಿದಳಂತೆ. ಕೂಸಿಗೆ ಇಂದು ಎಂದು ಹೆಸರಿಟ್ಟರು, ಅಜ್ಜಿಯ ಅವ್ವನ ಹೆಸರಿನ ತುಂಡು. ಎರಡು ದಿನ ತಡ ಆಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಾರುತಿ ನನಗೆ ಫೋನು ಮಾಡಿ ತಿಳಿಸಿದ. "ಅವ್ವಗ ಹೇಳಿದೇನು?" ಎಂದು ಕೇಳಿದೆ. "ಹೇಳೇನಿ ಕಾಕು. ಆ ಕಡೆ ಹೊಳ್ಳಿ ಮಲಗಿದ್ಲು," ಅಂದ.

ಹದಿನೈದು ದಿನಕ್ಕೆ ಬಂದಳು, ಅರ್ಧ ಆಗಿದ್ದಳು. ಮಡಚಿಟ್ಟ ಕೌದಿಯನ್ನು ಅವಳ ಬಾಗಿಲಲ್ಲಿಟ್ಟೆ; ತೆಗೆದುಕೊಂಡಳು, ನನ್ನ ಕಡೆ ನೋಡಲಿಲ್ಲ. ದಿನಾ ಗೋಡೆಯ ಮೇಲಿಂದ ಗಂಜಿಯ ಬೋಗುಣಿ ಚಾಚುತ್ತಿದ್ದೆ. ಕೈ ಬಂದು ಇಸಿದುಕೊಳ್ಳುತ್ತಿತ್ತು, ತೊಳೆದ ಬೋಗುಣಿ ತಿರುಗಿ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲದೆ ತಿಂಗಳಾಯಿತು. ನಮ್ಮ ಸಪ್ಪೆ ಸಾರಿನ ಸುದ್ದಿಯನ್ನು ಮಂಜುಳಾ ಹಿತ್ತಲಿನಲ್ಲಿ ನಿಂತು ಅವಳ ಕಿವಿಗೆ ಹಾಕಿದಳೆಂದು ಆಮೇಲೆ ಗೊತ್ತಾಯಿತು.

ಆಮೇಲೆ ಒಂದು ಮುಂಜಾನೆ ಗಾಡಿ ಬಂದ ಸದ್ದಾಯಿತು. ಗೋಡೆಯಾಚೆ ಗದ್ದಲ, ಬಾಗಿಲಿಗೆ ನೀರು ಸುಳಿದು ಚೆಲ್ಲಿದ ಸದ್ದು, ಕೂಸಿನ ಅಳು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಹೋಗಲಿಲ್ಲ. ಬಾಣಲೆ ಇಟ್ಟು, ಎಣ್ಣೆ ಹೊಗೆಯಾಡುವ ತನಕ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಎರಡು ಮೆಣಸಿನಕಾಯಿ ಮುರಿದು ಹಾಕಿದೆ. ಚುರ್ ಅಂತು. ಘಾಟು ಗೋಡೆ ಹತ್ತಿ ಇಳಿಯುವುದನ್ನು ನೋಡುತ್ತ ಸೌಟು ಹಿಡಿದು ನಿಂತೆ. ಆಮೇಲೆ ಗುಬ್ಬಿಯಷ್ಟು ಸಣ್ಣದೊಂದು ಸೀನು. ಅದರ ಬೆನ್ನಿಗೇ ಹಂಚು ಹಾರುವಂಥ ದೊಡ್ಡದೊಂದು ಸೀನು.

"ಅಗ ಬಾಯಿ! ಗೌರಾ, ಬಾಣಂತಿ ಕೂಸು ಮನೀಗೆ ಬರೂದ ತಡಾ ಇಲ್ಲ, ಕೊಲ್ಲಾಕ ನಿಂತೀಯೇನು? ಅದೂ ನೆಟ್ಟಗ ಹಾಕಾಕ ಬರಂಗಿಲ್ಲ, ಬೆಳ್ಳುಳ್ಳಿ ಹೊತ್ತೈತಿ!"

"ಎಲ್ಲಿ ಹೊತ್ತೈತಿ? ನಿನ್ನ ಮೂಗ ಇನ್ನೂ ನೆಟ್ಟಗಾಗಿಲ್ಲ, ಸುಮ್ಮನ ಕುಂದರ!"

ಬೆಳ್ಳುಳ್ಳಿ ಕರ್ರಗೆ ಹೊತ್ತಿತ್ತು. ನಾನು ಒಪ್ಪಿಕೊಳ್ಳಲಿಲ್ಲ.